ಬ್ಯಾಟರಿಗೆ ಚಾರ್ಜು: ಎಲ್ಲಿಂದ, ಹೇಗೆ?



ಮದುವೆ, ಉಪನಯನ, ಗೃಹಪ್ರವೇಶಗಳ ಫೋಟೋ ತೆಗೆಯುವುದು ನನ್ನ ಕಸುಬು. ಬಿಡುವು ಸಿಕ್ಕಾಗ ಯಕ್ಷಗಾನದ ಚೌಕಿಗೆ ಹೋಗುತ್ತೇನೆ, ಮಳೆಗಾಲದಲ್ಲಿ ಆಗುಂಬೆ ಕಡೆ ತಿರುಗುತ್ತೇನೆ. ಈ ಕಸುಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಲೆನ್ಸಿನ ವಿಷಯ ಕೇಳುತ್ತಾರೆ, ಫ್ಲಾಶಿನ ವಿಷಯ ಕೇಳುತ್ತಾರೆ, ಯಾವ ಕಂಪನಿಯ ಕ್ಯಾಮೆರಾ ಒಳ್ಳೆಯದು ಅಂತ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಬ್ಯಾಟರಿಯನ್ನು ಯಾವುದರಿಂದ ಚಾರ್ಜ್ ಮಾಡಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪ್ಲಗ್ಗಿಗೆ ಹಾಕಿದರೆ ಮುಗಿಯಿತು, ಅದರಲ್ಲಿ ಕೇಳುವುದೇನಿದೆ ಅನ್ನಿಸುವುದು ಸಹಜ. ಮಿರರ್‌ಲೆಸ್ ಕ್ಯಾಮೆರಾ ಬಂದ ಮೇಲೆ ವಿಷಯ ಅಷ್ಟು ಸಲೀಸಾಗಿ ಉಳಿದಿಲ್ಲ. ಆದ್ದರಿಂದ ಇವತ್ತಿನ ಮಾತು ಅದರ ಬಗ್ಗೆಯೇ.

ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ. ಲೆನ್ಸಿನಿಂದ ಬಂದ ಬೆಳಕು ಅದಕ್ಕೆ ತಾಗಿ, ಮೇಲಕ್ಕೆ ಹೋಗಿ, ನೇರವಾಗಿ ನಮ್ಮ ಕಣ್ಣಿಗೆ ಬರುತ್ತಿತ್ತು. ಎಷ್ಟು ಹೊತ್ತು ನೋಡಿದರೂ ಬ್ಯಾಟರಿ ಹೆಚ್ಚು ಇಳಿಯುತ್ತಿರಲಿಲ್ಲ. 2008ರಲ್ಲಿ ಪ್ಯಾನಾಸೋನಿಕ್‌ನ ಲುಮಿಕ್ಸ್ ಜಿ1 ಬಂತು. ಅದರಲ್ಲಿ ಆ ಕನ್ನಡಿ ಇರಲಿಲ್ಲ. ಅಲ್ಲಿಂದ ಮುಂದೆ ನಾವು ನೋಡುತ್ತಿರುವುದು ಸೆನ್ಸರ್ ಕಂಡದ್ದನ್ನು ತೋರಿಸುವ ಪುಟ್ಟ ಪರದೆಯನ್ನು. ಕಣ್ಣಿಟ್ಟಷ್ಟು ಹೊತ್ತೂ ಸೆನ್ಸರ್ ಕೆಲಸ ಮಾಡುತ್ತಿರಬೇಕು, ಪರದೆ ಉರಿಯುತ್ತಿರಬೇಕು, ಒಳಗಿನ ಪ್ರೊಸೆಸರ್ ಎಚ್ಚರವಾಗಿರಬೇಕು. ವರ ಮಂಟಪಕ್ಕೆ ಬರುವುದನ್ನು ಕಾಯುತ್ತಾ ಹತ್ತು ನಿಮಿಷ ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ನಿಂತರೆ, ಒಂದೂ ಫೋಟೋ ತೆಗೆಯದಿದ್ದರೂ ಬ್ಯಾಟರಿ ಖರ್ಚಾಗಿರುತ್ತದೆ.

ಎಷ್ಟು ವ್ಯತ್ಯಾಸ ಅಂದರೆ, 2017ರಲ್ಲಿ ಬಂದ ನಿಕಾನ್ ಡಿ850 ಒಂದು ಚಾರ್ಜಿಗೆ 1840 ಚಿತ್ರ ಎಂದು ಕಂಪನಿಯ ಲೆಕ್ಕ. ಮರುವರ್ಷ ಅದೇ ಕಂಪನಿಯ ಮಿರರ್‌ಲೆಸ್ ಝಡ್6 ಬಂತು. ಅದೇ ಗಾತ್ರದ, ಅದೇ 1900 ಮಿಲಿಆಂಪ್ ಅವರ್‌ನ ಬ್ಯಾಟರಿ, ಲೆಕ್ಕ ಮಾತ್ರ 310 ಚಿತ್ರ. ಇವು ಜಪಾನಿನ ಕ್ಯಾಮೆರಾ ತಯಾರಕರ ಸಂಘ ಗೊತ್ತುಮಾಡಿದ ಪರೀಕ್ಷೆಯ ಸಂಖ್ಯೆಗಳು. ಎಡೆಬಿಡದೆ ಕ್ಲಿಕ್ಕಿಸುವ ನಮ್ಮಂಥವರಿಗೆ ಇದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತದೆ, ಅದು ನಿಜ. ಆದರೆ ಒಂದಕ್ಕೊಂದು ಹೋಲಿಸಿದಾಗ ಸಿಗುವ ಅಂತರ ಮಾತ್ರ ಸುಳ್ಳಲ್ಲ. ಸೋನಿಯವರು ಮೊದಲಿನ ಎ7 ಕ್ಯಾಮೆರಾಗಳಿಗೆ ಕೊಡುತ್ತಿದ್ದ ಬ್ಯಾಟರಿ 1020 ಮಿಲಿಆಂಪ್ ಅವರ್‌ನದು. ಜನ ಬೇಸತ್ತ ಮೇಲೆ ಬಂದ ಹೊಸ ಬ್ಯಾಟರಿ, ಎನ್‌ಪಿ-ಎಫ್‌ಝಡ್100, 2280ರದು. ಎರಡು ಪಟ್ಟಿಗಿಂತ ಹೆಚ್ಚು. ಇಷ್ಟಾದರೂ ಬೆಳಗಿನ ನಾಂದಿಯಿಂದ ರಾತ್ರಿಯ ಆರತಕ್ಷತೆವರೆಗೆ ಒಂದು ಬ್ಯಾಟರಿಯಲ್ಲಿ ಮುಗಿಸುತ್ತೇನೆ ಅನ್ನುವ ಧೈರ್ಯ ಯಾರಿಗೂ ಇಲ್ಲ. ನಡುವೆ ಎಲ್ಲೋ ಚಾರ್ಜ್ ಮಾಡಲೇಬೇಕು. ಎಲ್ಲಿ, ಯಾವಾಗ, ಯಾವುದರಿಂದ ಎಂಬುದೇ ಪ್ರಶ್ನೆ.

ಅದಕ್ಕೆ ಮುಂಚೆ ಬ್ಯಾಟರಿ ಹೇಗೆ ತುಂಬುತ್ತದೆ ಎಂದು ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ನಮ್ಮ ದೊಡ್ಡ ಕ್ಯಾಮೆರಾಗಳ ಬ್ಯಾಟರಿಯೊಳಗೆ ಸಾಲಾಗಿ ಜೋಡಿಸಿದ ಎರಡು ಲಿಥಿಯಂ ಅಯಾನ್ ಸೆಲ್ ಇರುತ್ತವೆ. ಮೇಲೆ ಸಾಮಾನ್ಯವಾಗಿ 7.2 ವೋಲ್ಟ್ ಎಂದು ಬರೆದಿರುತ್ತದೆ, ಪೂರ್ತಿ ತುಂಬಿದಾಗ 8.4 ಆಗುತ್ತದೆ. ಶುರುವಿನಲ್ಲಿ ಚಾರ್ಜರ್ ಒಂದೇ ಸಮನೆ ಕರೆಂಟು ಹರಿಸುತ್ತದೆ. ಮುಕ್ಕಾಲು ದಾಟಿದ ಮೇಲೆ, ಕೊಡ ಕಂಠಮಟ್ಟಕ್ಕೆ ಬಂದಾಗ ನಾವು ನಲ್ಲಿ ಸಣ್ಣ ಮಾಡುತ್ತೇವಲ್ಲ, ಹಾಗೆ ಹರಿವನ್ನು ಇಳಿಸುತ್ತಾ ಹೋಗುತ್ತದೆ. ಹಾಗಾಗಿ ಕೊನೆಯ ಕಾಲು ಭಾಗ ತುಂಬಲು ಹೆಚ್ಚು ಹೊತ್ತು. ಕೆನಾನ್‌ನ ಎಲ್‌ಸಿ-ಇ6 ಚಾರ್ಜರ್ ಬಳಸುವವರು ದೀಪ ನೋಡಿಯೇ ಎಷ್ಟು ತುಂಬಿದೆ ಎಂದು ತಿಳಿಯಬಹುದು. ಅರ್ಧದೊಳಗಿದ್ದರೆ ಒಂದೊಂದು ಮಿಣುಕು, ಅರ್ಧ ದಾಟಿದರೆ ಎರಡೆರಡು, ಮುಕ್ಕಾಲು ದಾಟಿದರೆ ಮೂರು ಮೂರು, ತುಂಬಿದ ಮೇಲೆ ಹಸಿರು.

ಇದರಿಂದ ನಮಗೇನು ಲಾಭ ಅಂದರೆ, ಊಟದ ಪಂಕ್ತಿಯ ಹೊತ್ತಿನಲ್ಲಿ ಒಂದೇ ಗಂಟೆ ಬಿಡುವು ಸಿಕ್ಕಿತು ಅನ್ನಿ. ಮುಕ್ಕಾಲು ತುಂಬಿದ ಬ್ಯಾಟರಿಯನ್ನು ಪೂರ್ತಿ ಮಾಡುತ್ತಾ ಕೂರುವುದಕ್ಕಿಂತ ಅದನ್ನು ತೆಗೆದು ಖಾಲಿ ಬ್ಯಾಟರಿಯನ್ನು ಹಾಕಿದರೆ ಅದೇ ಒಂದು ಗಂಟೆಯಲ್ಲಿ ಹೆಚ್ಚು ಚಾರ್ಜು ಸಿಗುತ್ತದೆ. ಅರ್ಧಂಬರ್ಧ ತೆಗೆದರೆ ಬ್ಯಾಟರಿ ಹಾಳು ಎಂದು ಹಿರಿಯರು ಹೇಳುತ್ತಿದ್ದುದು ನಿಕ್ಕೆಲ್ ಕ್ಯಾಡ್ಮಿಯಂ ಕಾಲದ ಮಾತು. ಲಿಥಿಯಂ ಅಯಾನ್‌ಗೆ ಅದು ಅನ್ವಯಿಸುವುದಿಲ್ಲ. ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು ಎಂಬುದೂ ಅಷ್ಟೇ.

ಈಗ ದಾರಿಗಳ ಮಾತು. ಬ್ಯಾಟರಿಯನ್ನು ಹೊರಗೆ ತೆಗೆದು ಪ್ರತ್ಯೇಕ ಚಾರ್ಜರಿನಲ್ಲಿ ಇಡುವುದು ಒಂದು. ಬ್ಯಾಟರಿ ಕ್ಯಾಮೆರಾದಲ್ಲೇ ಇದ್ದು, ಮೊಬೈಲಿಗೆ ಚುಚ್ಚುವಂತೆ ಕ್ಯಾಮೆರಾಕ್ಕೆ ಯುಎಸ್‌ಬಿ ಕೇಬಲ್ ಚುಚ್ಚುವುದು ಇನ್ನೊಂದು. ಈಚೆಗೆ ಬ್ಯಾಟರಿಯ ಮೈಮೇಲೆಯೇ ಯುಎಸ್‌ಬಿ-ಸಿ ತೂತು ಇರುವ ಬೇರೆ ಕಂಪನಿಗಳ ಬ್ಯಾಟರಿಗಳೂ ಬಂದಿವೆ.

ಕ್ಯಾಮೆರಾಕ್ಕೇ ಕೇಬಲ್ ಚುಚ್ಚುವ ಪದ್ಧತಿ ಬಂದದ್ದೇ ತಡ, ಕಂಪನಿಗಳು ಪೆಟ್ಟಿಗೆಯೊಳಗೆ ಚಾರ್ಜರ್ ಇಡುವುದನ್ನು ಬಿಡತೊಡಗಿದವು. 2020ರ ಫ್ಯೂಜಿಫಿಲ್ಮ್ ಎಕ್ಸ್-ಟಿ4 ಪೆಟ್ಟಿಗೆಯಲ್ಲಿ ಪ್ರತ್ಯೇಕ ಚಾರ್ಜರ್ ಇರಲಿಲ್ಲ, ಎರಡು ಬ್ಯಾಟರಿ ಹಿಡಿಯುವ ಚಾರ್ಜರನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಲಕ್ಷ ರೂಪಾಯಿ ಮೀರಿದ ಕ್ಯಾಮೆರಾ ಮಾರುವವರು ಚಾರ್ಜರ್ ಕೊಡದಿರುವುದು ಕೊಳ್ಳುವವನಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ರಜೆಗೆ ಫೋಟೋ ತೆಗೆಯುವವರಿಗೆ ಕೇಬಲ್ ಸಾಕು, ಒಪ್ಪುತ್ತೇನೆ. ಕಸುಬಿನವರಿಗೆ ಸಾಲದು. ಕ್ಯಾಮೆರಾದಲ್ಲಿ ಚಾರ್ಜ್ ಆಗುತ್ತಿರುವಷ್ಟು ಹೊತ್ತು ಕ್ಯಾಮೆರಾ ಗೋಡೆಗೆ ಅಂಟಿಕೊಂಡಿರುತ್ತದೆ. ಸಾಮಾನ್ಯವಾಗಿ ಕ್ಯಾಮೆರಾ ಆಫ್ ಆಗಿದ್ದರೆ ಮಾತ್ರ ಬ್ಯಾಟರಿ ತುಂಬುತ್ತದೆ. ಆನ್ ಮಾಡಿದರೆ ಬರುವ ಕರೆಂಟು ಕ್ಯಾಮೆರಾ ನಡೆಸುವುದಕ್ಕೆ ಹೋಗುತ್ತದೆ. ವೇಗವೂ ಕಡಿಮೆ. ನಾನು ಹೇಳಿದ ಸೋನಿಯ ಹೊಸ ಬ್ಯಾಟರಿ ಅದರದೇ ಚಾರ್ಜರಿನಲ್ಲಿ ಸುಮಾರು ಎರಡೂವರೆ ಗಂಟೆಯಲ್ಲಿ ತುಂಬುತ್ತದೆ. ಎ7 ತ್ರೀ ಕ್ಯಾಮೆರಾದೊಳಗೇ ಇಟ್ಟು, ಜೊತೆಗೆ ಬಂದ ಪುಟ್ಟ ಅಡಾಪ್ಟರಿನಿಂದ ತುಂಬಿಸಲು ನಾಲ್ಕು ಗಂಟೆ ಮೀರುತ್ತದೆ.

ಇನ್ನೊಂದು ಕಾರಣ ಮಲೆನಾಡಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಯುಎಸ್‌ಬಿ ತೂತಿನ ಮೇಲೆ ರಬ್ಬರಿನ ಮುಚ್ಚಳ ಇರುವುದು ನೀರು, ತೇವ ಒಳಗೆ ಹೋಗದಿರಲಿ ಎಂದು. ದಿನಾ ತೆಗೆದು ಹಾಕಿ ಮಾಡಿದರೆ ಅದು ಸಡಿಲವಾಗುತ್ತದೆ. ಯಾರೋ ಕೇಬಲ್ ಎಡವಿ ಕ್ಯಾಮೆರಾ ಕೆಳಗೆ ಬೀಳಬಹುದು, ಆ ತೂತೇ ಅಲುಗಾಡಬಹುದು. ಚಾರ್ಜರ್ ಕೆಟ್ಟರೆ ಹೊಸದು ತರಬಹುದು. ಕ್ಯಾಮೆರಾದ ಯುಎಸ್‌ಬಿ ತೂತು ಕೆಟ್ಟರೆ ಕ್ಯಾಮೆರಾ ಬಿಚ್ಚಬೇಕು.

ಕೇಬಲಿನ ದಾರಿಯನ್ನೇ ಹಿಡಿಯುವವರು ಬ್ಯಾಟರಿಯ ಹೆಸರಿನ ಬಾಲವನ್ನು ಗಮನವಿಟ್ಟು ಓದಬೇಕು. ನಿಕಾನ್‌ನ ಇಎನ್-ಇಎಲ್15 ಬ್ಯಾಟರಿಯಲ್ಲಿ ಬಾಲವಿಲ್ಲದ್ದು, ಎ, ಬಿ, ಸಿ ಎಂದು ನಾಲ್ಕು ಬಗೆ. ನೋಡಲು ಒಂದೇ ಥರ, ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಕ್ಯಾಮೆರಾದೊಳಗೆ ಚಾರ್ಜ್ ಆಗುವುದು ಬಿ ಮತ್ತು ಸಿ ಮಾತ್ರ. ಕೆನಾನ್ ಇಒಎಸ್ ಆರ್‌ನಲ್ಲೂ ಹಾಗೆಯೇ, ಹಳೆಯ ಎಲ್‌ಪಿ-ಇ6 ಕ್ಯಾಮೆರಾದೊಳಗೆ ತುಂಬುವುದಿಲ್ಲ, ಇ6ಎನ್ ತುಂಬುತ್ತದೆ. ಅದೂ ಸಾದಾ ಮೊಬೈಲ್ ಚಾರ್ಜರ್ ಚುಚ್ಚಿದರೆ ಆಗದು, ಪವರ್ ಡೆಲಿವರಿ, ಅಂದರೆ ಪಿಡಿ ಇರುವ ಅಡಾಪ್ಟರ್ ಬೇಕು. ಸಾದಾ ಯುಎಸ್‌ಬಿ ಕೊಡುವುದು 5 ವೋಲ್ಟ್. ಪಿಡಿ ಅಡಾಪ್ಟರ್ ಎದುರಿನ ಸಾಧನ ಏನು ಬೇಡುತ್ತದೆ ಎಂದು ಮೊದಲು ಕೇಳಿಕೊಂಡು 9, 15, 20 ವೋಲ್ಟ್‌ವರೆಗೂ ಕೊಡುತ್ತದೆ. ಹಳೆಯ ಡಿಎಸ್‌ಎಲ್‌ಆರ್ ಬ್ಯಾಟರಿಗಳನ್ನೇ ಹೊಸ ಕ್ಯಾಮೆರಾಕ್ಕೆ ಹಾಕಿಕೊಂಡು, ರಾತ್ರಿ ಕೇಬಲ್ ಚುಚ್ಚಿ ನೆಮ್ಮದಿಯಾಗಿ ಮಲಗಿ, ಬೆಳಿಗ್ಗೆ ಎದ್ದು ಖಾಲಿ ಬ್ಯಾಟರಿ ನೋಡಿ ಕಂಗಾಲಾದವರು ನಮ್ಮ ಕಸುಬಿನಲ್ಲಿ ಕಡಿಮೆಯಿಲ್ಲ.

ಇನ್ನು ಛತ್ರಕ್ಕೆ ಬನ್ನಿ. ಬೆಳಗಿನ ಆರು ಗಂಟೆ, ಮದುಮಗಳ ಕೋಣೆ. ಕನ್ನಡಿಯ ಪಕ್ಕ ಒಂದೇ ಸ್ವಿಚ್‌ಬೋರ್ಡ್, ಅದರಲ್ಲಿ ಎರಡು ತೂತು. ಒಂದರಲ್ಲಿ ಮೇಕಪ್ಪಿನವರ ಕೂದಲು ಒಣಗಿಸುವ ಯಂತ್ರ. ಇನ್ನೊಂದರಲ್ಲಿ ಜಂಕ್ಷನ್ ಬಾಕ್ಸ್, ಅದಕ್ಕೆ ಹಣ್ಣಿನ ಗೊಂಚಲಿನಷ್ಟು ಫೋನುಗಳು. ನಮ್ಮ ಚಾರ್ಜರಿಗೆ ಅಲ್ಲೇ ಒಂದು ಮೂಲೆ. ಸ್ವಲ್ಪ ಹೊತ್ತಿಗೆ ಹುಡುಗಿಯ ಸೋದರತ್ತೆ ಬಂದು, "ಫೋಟೋದವ್ರೇ, ನಿಮ್ದು ಹಸಿರು ಲೈಟ್ ಬಂದಿದೆ ನೋಡಿ, ತೆಗೀಲಾ? ನಮ್ಮನೆಯವ್ರಿಗೆ ಫೋನ್ ಮಾಡ್ಬೇಕಿತ್ತು" ಅನ್ನುತ್ತಾರೆ. "ತೆಗೀರಿ ಅತ್ತೆ, ಪರವಾಗಿಲ್ಲ" ಎನ್ನುತ್ತೇವೆ. ಹಸಿರು ಬಂದಿದ್ದು ಒಂದು ಬ್ಯಾಟರಿಗೆ, ಪಕ್ಕದ್ದು ಇನ್ನೂ ಕೆಂಪು. ಹಾಗೆಂದು ಮದುವೆ ಮನೆಯಲ್ಲಿ ಅವರೊಂದಿಗೆ ವಾದ ಮಾಡುವುದಕ್ಕಾಗುತ್ತದೆಯೇ? ಛತ್ರದಲ್ಲಿ ಸಿಗುವ ಕರೆಂಟನ್ನು ನಂಬಿ ಕೆಲಸಕ್ಕೆ ಹೋಗಬಾರದು. ಅದು ಸಿಕ್ಕರೆ ಲಾಭ ಎಂದಷ್ಟೇ ತಿಳಿದಿರಬೇಕು. ಮನೆಯಿಂದ ಹೊರಡುವಾಗಲೇ ಇಡೀ ದಿನಕ್ಕೆ ಬೇಕಾದಷ್ಟು ತುಂಬಿದ ಬ್ಯಾಟರಿ ಚೀಲದಲ್ಲಿರಬೇಕು.

ಅಂದರೆ ನಿಜವಾದ ಚಾರ್ಜಿಂಗ್ ನಡೆಯುವುದು ಹಿಂದಿನ ರಾತ್ರಿ. ಸಂಜೆ ಒಂದು ಮದುವೆಯ ಆರತಕ್ಷತೆ ಮುಗಿಸಿ ಹನ್ನೆರಡಕ್ಕೆ ಮನೆಗೆ ಬಂದು, ಬೆಳಗಿನ ಐದಕ್ಕೆ ಇನ್ನೊಂದು ಊರಿಗೆ ಹೊರಡಬೇಕು ಅಂದರೆ ಸಿಗುವುದು ಐದೇ ಗಂಟೆ. ಅಷ್ಟರಲ್ಲಿ ನಾಲ್ಕು ಬ್ಯಾಟರಿ ತುಂಬಬೇಕು. ಯಾವ ಚಾರ್ಜರ್ ಕೊಳ್ಳಬೇಕೆಂಬುದನ್ನು ಈ ಐದು ಗಂಟೆಯೇ ತೀರ್ಮಾನಿಸಬೇಕು. ಅಂಗಡಿಯ ಬೆಲೆಚೀಟಿ ನೋಡಿ ತೀರ್ಮಾನಿಸುವ ವಿಷಯ ಇದಲ್ಲ.

ಲೆಕ್ಕ ಸುಲಭ. ಬ್ಯಾಟರಿಯ ವೋಲ್ಟನ್ನು ಆಂಪ್ ಅವರ್‌ನಿಂದ ಗುಣಿಸಿದರೆ ವ್ಯಾಟ್ ಅವರ್ ಸಿಗುತ್ತದೆ. ಸೋನಿಯ ಆ ಹೊಸ ಬ್ಯಾಟರಿಯದಾದರೆ 7.2ನ್ನು 2.28ರಿಂದ ಗುಣಿಸಿದರೆ ಸುಮಾರು 16.4. ಎರಡು ಬ್ಯಾಟರಿಗೆ ಹತ್ತಿರ ಹತ್ತಿರ 33. ಪೇಟೆಯಲ್ಲಿ ಸಿಗುವ ಎಷ್ಟೋ ಅಗ್ಗದ ಜೋಡಿ ಚಾರ್ಜರುಗಳ ಬೆನ್ನ ಮೇಲೆ 5 ವೋಲ್ಟ್ 2 ಆಂಪ್ ಎಂದಿರುತ್ತದೆ. ಅಂದರೆ 10 ವ್ಯಾಟ್. ಎರಡು ಬ್ಯಾಟರಿ ಒಟ್ಟಿಗೆ ಇಟ್ಟರೆ ಆ 10 ವ್ಯಾಟ್ ಹಂಚಿಹೋಗುತ್ತದೆ. ನಷ್ಟವೂ ಸೇರಿ ನಾಲ್ಕು ಗಂಟೆ ಹಿಡಿದೇ ಹಿಡಿಯುತ್ತದೆ. ಅದನ್ನೇ ಡ್ರಾಯರಿನಲ್ಲಿ ಬಿದ್ದಿದ್ದ 1 ಆಂಪಿನ ಹಳೆಯ ಮೊಬೈಲ್ ಅಡಾಪ್ಟರಿಗೆ ಸಿಕ್ಕಿಸಿದರೆ ಹೊತ್ತು ಎರಡರಷ್ಟು. ಹಳೆಯ ಲ್ಯಾಪ್‌ಟಾಪಿನ ಯುಎಸ್‌ಬಿ ತೂತಿಗೆ ಸಿಕ್ಕಿಸಿದರೆ ಅರ್ಧ ಆಂಪ್, ಇಡೀ ರಾತ್ರಿ ಕಳೆದರೂ ತುಂಬದು. ಚಾರ್ಜರ್ ಸರಿಯಿಲ್ಲ ಎಂದು ಅಂಗಡಿಗೆ ವಾಪಸು ಒಯ್ಯುವವರಲ್ಲಿ ಅನೇಕರ ತೊಂದರೆ ಅಡಾಪ್ಟರಿನದು. ಇಲ್ಲವೇ ಕೇಬಲಿನದು. ಆದ್ದರಿಂದ ಎರಡು ಬ್ಯಾಟರಿ ಹಿಡಿಯುವ, ಪಿಡಿ ಇರುವ ಒಳ್ಳೆಯ ಚಾರ್ಜರ್, ಅದಕ್ಕೆ 30 ವ್ಯಾಟ್‌ಗೆ ಕಡಿಮೆಯಿಲ್ಲದ ಅಡಾಪ್ಟರ್, ದಪ್ಪನೆಯ ಒಳ್ಳೆಯ ಕೇಬಲ್, ಈ ಮೂರನ್ನೂ ಒಂದೇ ಚೀಲದಲ್ಲಿಟ್ಟು ಮೊಬೈಲಿಗೆ ಅಂತ ಯಾರೂ ತೆಗೆಯದ ಹಾಗೆ ನೋಡಿಕೊಳ್ಳಿ. ಎರಡು ಕ್ಯಾಮೆರಾ ಇರುವವರು ಇಂಥ ಎರಡು ಚಾರ್ಜರ್ ಇಟ್ಟುಕೊಂಡರೆ ಐದು ಗಂಟೆಯಲ್ಲಿ ನಾಲ್ಕು ಬ್ಯಾಟರಿ ನಿದ್ದೆಗೆಡದೆ ತುಂಬುತ್ತವೆ. ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಎದ್ದು ಬ್ಯಾಟರಿ ಬದಲಾಯಿಸುವ ಪಾಡು ಯಾರಿಗೂ ಬೇಡ. ಮರುದಿನ ಕೈ ನಡುಗುವುದು ನಮ್ಮದೇ.

ಯಕ್ಷಗಾನದ ವಿಷಯ ಸ್ವಲ್ಪ ಬೇರೆ. ಬಯಲಾಟದ ಚೌಕಿಗೆ ಸಂಜೆಯೇ ಹೋದರೆ ವೇಷಧಾರಿಗಳು ಸಾಲಾಗಿ ಕೂತು ಮುಖವರ್ಣಿಕೆ ಮಾಡಿಕೊಳ್ಳುವುದು ಕಾಣಸಿಗುತ್ತದೆ. ಒಂದೊಂದು ಕನ್ನಡಿಗೆ ಒಂದೊಂದು ಬಲ್ಬು, ಎಲ್ಲವೂ ಒಂದೇ ತಂತಿಯ ಮೇಲೆ. ಅಲ್ಲಿ ಚಾರ್ಜರ್ ಸಿಕ್ಕಿಸಲು ಜಾಗ ಕೇಳುವುದು ಸಭ್ಯತೆಯಲ್ಲ. ಅವರ ಬೆಳಕು ಅವರಿಗಿರಲಿ. ಅಲ್ಲಿ ನೆಚ್ಚಬೇಕಾದ್ದು ಪವರ್ ಬ್ಯಾಂಕನ್ನು.

ಆಟವನ್ನು ವಿಡಿಯೋ ಮಾಡುವವರು, ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುವವರು ಈಗ ಬಹಳ. ಅವರಲ್ಲಿ ಹಲವರು ಡಮ್ಮಿ ಬ್ಯಾಟರಿ ಬಳಸುತ್ತಾರೆ. ಬ್ಯಾಟರಿಯ ಆಕಾರದ ಖಾಲಿ ಡಬ್ಬಿ, ಅದರಿಂದ ಹೊರಬರುವ ತಂತಿ ಗೋಡೆಯ ಪ್ಲಗ್ಗಿಗೆ. ಕರೆಂಟು ಗಟ್ಟಿ ಇರುವ ಸಭಾಂಗಣದಲ್ಲಿ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯಿಲ್ಲ. ಬಯಲಿನಲ್ಲಿ ಮಾತ್ರ ನಾನಿದನ್ನು ಒಪ್ಪುವುದಿಲ್ಲ. ಕರೆಂಟು ಹೋಗಿ ಜನರೇಟರ್ ಶುರುವಾಗುವ ಆ ಅರೆಕ್ಷಣದಲ್ಲಿ ಡಮ್ಮಿ ಹಾಕಿದ ಕ್ಯಾಮೆರಾ ಸತ್ತೇ ಹೋಗುತ್ತದೆ, ಆಗ ರೆಕಾರ್ಡ್ ಆಗುತ್ತಿದ್ದ ಫೈಲು ಉಳಿಯುವ ಭರವಸೆಯಿಲ್ಲ. ಅದರ ಬದಲು ಕ್ಯಾಮೆರಾದೊಳಗೆ ನಿಜವಾದ ಬ್ಯಾಟರಿ ಇಟ್ಟು, ಯುಎಸ್‌ಬಿ-ಸಿಯಿಂದ ಕರೆಂಟು ಕೊಟ್ಟರೆ, ಹೊರಗಿನದು ಹೋದಾಗ ಒಳಗಿನ ಬ್ಯಾಟರಿ ಕೈಹಿಡಿಯುತ್ತದೆ. ನಿಮ್ಮ ಕ್ಯಾಮೆರಾ ಆನ್ ಇದ್ದಾಗಲೂ ಯುಎಸ್‌ಬಿ ಕರೆಂಟು ತೆಗೆದುಕೊಳ್ಳುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಮನೆಯಲ್ಲೊಮ್ಮೆ ರೆಕಾರ್ಡ್ ಹಾಕಿ ಕೇಬಲ್ ಕಿತ್ತು ಪರೀಕ್ಷೆ ಮಾಡಿ. ಒಂದು ಪ್ರಸಂಗದ ಕೊನೆಯ ಪದ್ಯದವರೆಗೂ ನಿಲ್ಲಬೇಕಾದ ಕ್ಯಾಮೆರಾಕ್ಕೆ ಕೇಬಲಿನ ದಾರಿಯೇ ಸರಿ, ಇದನ್ನು ಮನಸಾರೆ ಹೇಳುತ್ತೇನೆ.

ಪವರ್ ಬ್ಯಾಂಕ್ ಕೊಳ್ಳುವಾಗ ಅದರ ಮೇಲಿನ ದೊಡ್ಡ ಸಂಖ್ಯೆಯನ್ನು ನೋಡಿ ಮರುಳಾಗಬೇಡಿ. 20,000 ಮಿಲಿಆಂಪ್ ಅವರ್ ಎಂದು ಬರೆದಿರುವುದು ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕದಲ್ಲಿ. ಅದು 74 ವ್ಯಾಟ್ ಅವರ್. ನಮ್ಮ 16.4ರ ಬ್ಯಾಟರಿಯನ್ನು ನಾಲ್ಕೂವರೆ ಸಲ ತುಂಬಬೇಕು ಎಂದು ಕಾಗದದ ಮೇಲೆ ಕಾಣುತ್ತದೆ. ವೋಲ್ಟ್ ಏರಿಸುವಾಗ, ಬಿಸಿಯಾಗುವಾಗ ಕಳೆದುಹೋಗುವುದನ್ನು ಬಿಟ್ಟರೆ ಮೂರು ಸಲ ಎಂದು ನಂಬಿದರೆ ಮೋಸವಿಲ್ಲ. ವಿಮಾನದಲ್ಲಿ ಹೋಗುವವರಿಗೂ ಈ ವ್ಯಾಟ್ ಅವರ್ ಲೆಕ್ಕವೇ ಮುಖ್ಯ. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್‌ಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಕೌಂಟರಿನಲ್ಲಿ ಒಪ್ಪಿಸುವ ಲಗೇಜಿನಲ್ಲಿ ಇಡುವಂತಿಲ್ಲ. 100 ವ್ಯಾಟ್ ಅವರ್ ಮೀರಿದರೆ ವಿಮಾನ ಕಂಪನಿಯ ಅನುಮತಿ ಬೇಕು. ರೈಲಿನ ಬೋಗಿಯ ಪ್ಲಗ್ಗಿನಲ್ಲಿ ಸಾಮಾನ್ಯವಾಗಿ 110 ವೋಲ್ಟ್ ಬರುತ್ತದೆ. ಅಡಾಪ್ಟರಿನ ಮೇಲೆ 100ರಿಂದ 240 ಎಂದಿದ್ದರೆ ಚಿಂತೆಯಿಲ್ಲ.

ಮಳೆಗಾಲದಲ್ಲಿ ಒಂದು ಎಚ್ಚರಿಕೆ. ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು ಅನ್ನಿ. ಕೂಡಲೇ ಚಾರ್ಜರನ್ನು ಪ್ಲಗ್ಗಿನಿಂದ ತೆಗೆದುಬಿಡಿ. ಕರೆಂಟು ಬಂದ ಮೇಲೆ ಐದು ನಿಮಿಷ ಬಿಟ್ಟು ಹಾಕಿ. ಬರುವಾಗ ವೋಲ್ಟೇಜ್ ಜಿಗಿದರೆ ಮೊದಲು ಸಾಯುವುದು ಇಂಥ ಸಣ್ಣ ಅಡಾಪ್ಟರುಗಳೇ.

ಅಗ್ಗದ ಬ್ಯಾಟರಿ, ಅಗ್ಗದ ಚಾರ್ಜರುಗಳ ಬಗ್ಗೆ ನನಗೆ ಸಿಟ್ಟಿದೆ. ಬೇರೆ ಕಂಪನಿಯವು ಎಲ್ಲವೂ ಕೆಟ್ಟವಲ್ಲ, ಒಳ್ಳೆಯವು ಇವೆ. ಹೆಸರಿಲ್ಲದ, ಅಥವಾ ಹೆಸರು ಕದ್ದ ಮಾಲಿನ ಮಾತೇ ಬೇರೆ. 8.4 ವೋಲ್ಟಿಗೆ ಸರಿಯಾಗಿ ನಿಲ್ಲಿಸದ ಚಾರ್ಜರ್ ಬ್ಯಾಟರಿಯನ್ನು ಉಬ್ಬಿಸುತ್ತದೆ, ಬೆಂಕಿ ಹತ್ತಿಸಲೂಬಹುದು. ನಮ್ಮ ದೇಶದಲ್ಲಿ ಬ್ಯಾಟರಿ, ಅಡಾಪ್ಟರ್, ಪವರ್ ಬ್ಯಾಂಕ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ನಿಂತು ನೋಡಿ. ಒಳ್ಳೆಯ ವ್ಯಾಪಾರಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಬ್ಯಾಟರಿಯ ಆಯುಸ್ಸನ್ನು ಹೆಚ್ಚು ತಿನ್ನುವುದು ಬಿಸಿ. ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ತುಂಬಿದ ಬ್ಯಾಟರಿ ಬಿಟ್ಟು ಹೋಗಬೇಡಿ. ಚಾರ್ಜ್ ಆಗುವಾಗ ದಿಂಬು, ಹಾಸಿಗೆಯ ಮೇಲಿಡದೆ ಗಾಳಿಯಾಡುವ ಗಟ್ಟಿ ನೆಲದ ಮೇಲಿಡಿ. ಆಷಾಢದಲ್ಲಿ ಮದುವೆಗಳಿಲ್ಲದೆ ಕ್ಯಾಮೆರಾ ಬೀರುವಿಗೆ ಸೇರುವ ತಿಂಗಳಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿಯಾಗಿಯೂ ಇಡಬಾರದು. ಅರ್ಧದಷ್ಟು ಇದ್ದರೆ ಸರಿ. ಲಡಾಖಿನಂಥ ಕಡೆ ಹೋಗುವವರಿಗೆ ಒಂದೇ ಮಾತು: ಶೂನ್ಯ ಡಿಗ್ರಿಗಿಂತ ಕೆಳಗೆ ತಣ್ಣಗಾದ ಬ್ಯಾಟರಿಯನ್ನು ಹಾಗೆಯೇ ಚಾರ್ಜಿಗೆ ಹಾಕಬೇಡಿ, ಒಳಅಂಗಿಯ ಜೇಬಿನಲ್ಲಿ ಬೆಚ್ಚಗೆ ಮಾಡಿಕೊಂಡು ಹಾಕಿ.

ಉಬ್ಬಿದ ಬ್ಯಾಟರಿ ಕ್ಯಾಮೆರಾದಿಂದ ಸಲೀಸಾಗಿ ಹೊರಬರುವುದಿಲ್ಲ, ಒಳಗೆ ಹಾಕುವಾಗಲೂ ಒತ್ತಬೇಕಾಗುತ್ತದೆ. ಅದೇ ಅದರ ಮೊದಲ ಗುರುತು. ಅಂಥದ್ದನ್ನು ಇನ್ನೊಂದು ಸಲ ಚಾರ್ಜಿಗೆ ಹಾಕಬೇಡಿ, ಚುಚ್ಚಿ ನೋಡಬೇಡಿ, ಕಸದ ಬುಟ್ಟಿಗೂ ಎಸೆಯಬೇಡಿ. ಕಸದ ಗಾಡಿಯಲ್ಲಿ ಅದು ಒತ್ತಿಕೊಂಡು ಹೊತ್ತಿದರೆ ಕಷ್ಟಕ್ಕೆ ಸಿಕ್ಕುವವರು ಪೌರಕಾರ್ಮಿಕರು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸು ಸಂಗ್ರಹಿಸುವ ಹೊಣೆ ತಯಾರಕರದು, ಕಸದಿಂದ ಬೇರೆ ಇಡುವ ಹೊಣೆ ನಮ್ಮದು. ನಿಮ್ಮ ಡ್ರಾಯರಿನಲ್ಲಿ ಅಂಥ ಬ್ಯಾಟರಿ ಇದ್ದರೆ ಅದರ ಬಾಯಿಗೆ ಟೇಪು ಅಂಟಿಸಿ, ಈ ವಾರವೇ ಕಂಪನಿಯ ಸೇವಾ ಕೇಂದ್ರಕ್ಕೋ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೋ ತಲುಪಿಸಿ ಎಂದು ಕೇಳಿಕೊಳ್ಳುತ್ತೇನೆ.